ವಾರ್ಡಿನ ಮತವೂ ಮನೆಯ ಆರೋಗ್ಯವೂ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲ ನೋವು ಮುಂತಾದವನ್ನು ಕುರಿತು ಬಲ್ಲವರು ಬರೆದ ಲೇಖನಗಳ ನಡುವೆ ಚುನಾವಣೆಯ ಮಾತೇಕೆ ಬಂದಿತೆಂದು ಈ ಸಂಚಿಕೆಯ ವಾಚಕರಿಗೆ ಆಶ್ಚರ್ಯವಾಗಬಹುದು. ನಾನು ವೈದ್ಯನಲ್ಲ, ರಾಜಕಾರಣಿಯಂತೂ ಅಲ್ಲವೇ ಅಲ್ಲ. ಮಣಲಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕು ದುಡಿದು ನಿವೃತ್ತನಾದ ಒಬ್ಬ ಸಾಮಾನ್ಯ ಕನ್ನಡಿಗ. ಸಂಪಾದಕರು ಆರೋಗ್ಯವನ್ನು ಕುರಿತು ಏನಾದರೂ ಬರೆಯಬೇಕೆಂದು ಹೇಳಿದಾಗ ನನಗೆ ನೆನಪಾದದ್ದು ಒಂದು ಕಾಮಾಲೆಯ ಪ್ರಸಂಗ.

ಅದು 1997ರ ಮಳೆಗಾಲ. ಉತ್ತರ ಮದರಾಸಿನ ಒಂದು ಬಡಾವಣೆಯಲ್ಲಿ ನಾವು ಬಾಡಿಗೆಗಿದ್ದೆವು. ಅದರ ಹೆಸರು ಇಲ್ಲಿ ಬೇಡ. ಮಗಳಿಗೆ ಎಂಟು ವರ್ಷ. ಒಂದು ವಾರ ಊಟ ಸೇರದೆ, ವಾಂತಿಯಾಗಿ, ಕಣ್ಣಿನ ಬಿಳಿಭಾಗ ಅರಿಸಿನದ ಬಣ್ಣಕ್ಕೆ ತಿರುಗಿತು. ಬೀದಿಯ ಕೊನೆಯಲ್ಲಿದ್ದ ವೃದ್ಧ ವೈದ್ಯರು ಮಗುವನ್ನು ಪರೀಕ್ಷಿಸಿ, "ಇದೇ ಬೀದಿಯಿಂದ ಬಂದ ಐದನೆಯ ಮಗು ಇದು" ಎಂದರು. ನೀರಿನ ಮೂಲಕ ಹರಡುವ ಈ ಕಾಮಾಲೆಯ ವೈರಸ್ಸು ದೇಹವನ್ನು ಹೊಕ್ಕ ಎರಡರಿಂದ ಆರು ವಾರಗಳ ಅನಂತರವೇ ಲಕ್ಷಣಗಳು ತೋರುವುದರಿಂದ, ಯಾವ ದಿನದ ಯಾವ ನೀರು ಕಾರಣವೆಂದು ಹೇಳುವುದು ಕಷ್ಟ. ಆದರೆ ಒಂದೇ ಬೀದಿಯ ಐದು ಮಕ್ಕಳಿಗೆ ಬಂದಿತೆಂದರೆ ನಲ್ಲಿಯ ಕೊಳವೆ ಎಲ್ಲಿಯೋ ಒಡೆದು ಕೊಳಚೆಯ ನೀರು ಸೇರುತ್ತಿದೆಯೆಂದೇ ಅರ್ಥವೆಂದು ಅವರು ವಿವರಿಸಿದರು. ಬಳಿಕ ಔಷಧಿಯ ಚೀಟಿಯನ್ನು ಬರೆಯುತ್ತ, "ನಿಮ್ಮ ವಾರ್ಡಿನ ಕೌನ್ಸಿಲರಿಗೆ ತಿಳಿಸಿದಿರೇನು?" ಎಂದು ಕೇಳಿದರು.

ನನಗೆ ಕೌನ್ಸಿಲರ ಹೆಸರೇ ತಿಳಿದಿರಲಿಲ್ಲ. ಹಿಂದಿನ ವರ್ಷ, ಎಂದರೆ 1996ರಲ್ಲಿ, ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆದದ್ದು ಗೊತ್ತಿತ್ತು. ಆ ದಿನ ರಜೆ ಸಿಕ್ಕಿತೆಂದು ನೆಂಟರ ಮನೆಗೆ ಹೋಗಿದ್ದೆವು. ನನ್ನ ಹೆಸರು ಇಲ್ಲಿನ ಪಟ್ಟಿಯಲ್ಲಿ ಇರಲೇ ಇಲ್ಲ. ಅದಿದ್ದದ್ದು ಹಾಸನ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ. 1993ರ ಡಿಸೆಂಬರಿನಲ್ಲಿ ಅಲ್ಲಿ ಗ್ರಾಮ ಪಂಚಾಯಿತಿಯ ಚುನಾವಣೆಯಾದಾಗ ರಾತ್ರಿಯ ಬಸ್ಸಿನಲ್ಲಿ ಹೋಗಿ ಮತ ಹಾಕಿ, ಮರುರಾತ್ರಿಯೇ ಹಿಂತಿರುಗಿ ಕೆಲಸಕ್ಕೆ ಹಾಜರಾಗಿದ್ದೆ. ಆ ಶ್ರದ್ಧೆಯನ್ನು ಕುರಿತು ನನಗೆ ಹೆಮ್ಮೆಯೂ ಇತ್ತು. ವೈದ್ಯರ ಬಳಿಯಿಂದ ಮನೆಗೆ ಬಂದ ಮೇಲೆ ನನ್ನ ಹೆಂಡತಿ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಊರಿನ ಮೆಂಬರು ಯಾರೆಂದು ಕೇಳಿದರೆ ಅವರ ಅಜ್ಜನ ಹೆಸರನ್ನೂ ಹೇಳುತ್ತೀರಿ. ನಾವು ಕುಡಿಯುವ ನೀರಿಗೆ ಯಾರು ಮೆಂಬರು, ಸ್ವಲ್ಪ ಹೇಳಿ ನೋಡೋಣ."

ಹಳ್ಳಿಯ ಚುನಾವಣೆಯ ಮೇಲೆ ನಮಗಿರುವ ಈ ಮಮತೆಗೆ ಕಾರಣವಿಲ್ಲದಿಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದ ವ್ಯವಸ್ಥೆಯಲ್ಲಿ ಗ್ರಾಮ ಪಂಚಾಯಿತಿಯ ಚುನಾವಣೆ ಪಕ್ಷರಹಿತವಾದದ್ದು. ಅಭ್ಯರ್ಥಿಗೆ ಪಕ್ಷದ ಚಿಹ್ನೆಯಿಲ್ಲ. ಚುನಾವಣಾ ಆಯೋಗವು ಕೊಡುವ ಬೇರೆ ಚಿಹ್ನೆಗಳಲ್ಲೊಂದನ್ನು ಆರಿಸಿಕೊಳ್ಳಬೇಕು. ಮತದಾರನು ಮನುಷ್ಯನನ್ನು ನೋಡಿಯೇ ಮತ ಹಾಕಬೇಕಾಗುತ್ತದೆ. ಇದೇ ಅಧಿನಿಯಮದಲ್ಲಿ ಆರೋಗ್ಯದ ದೃಷ್ಟಿಯಿಂದ ಅತ್ಯಂತ ಮೆಚ್ಚತಕ್ಕ ಮತ್ತೊಂದು ಅಂಶವಿದೆ: ಮನೆಯವರ ಉಪಯೋಗಕ್ಕೆ ಶೌಚಾಲಯವಿಲ್ಲದವನು ಸದಸ್ಯನಾಗಲು ಅರ್ಹನಲ್ಲ, ಇಲ್ಲವಾದರೆ ಗೊತ್ತಾದ ಅವಧಿಯೊಳಗೆ ಕಟ್ಟಿಸುತ್ತೇನೆಂದು ಬರೆದುಕೊಡಬೇಕು. ಊರಿನ ನೈರ್ಮಲ್ಯವನ್ನು ನೋಡಿಕೊಳ್ಳಹೊರಟವನು ತನ್ನ ಹಿತ್ತಲಿನಿಂದಲೇ ಆರಂಭಿಸಲಿ ಎಂಬ ಭಾವ.

ಪಕ್ಷವಿಲ್ಲವೆಂದ ಮಾತ್ರಕ್ಕೆ ಪಕ್ಷಪಾತವಿಲ್ಲವೆಂದು ತಿಳಿಯಬಾರದು. ಜಾತಿ, ಮನೆತನ, ಹಣ ಇವು ಚಿಹ್ನೆಯಿಲ್ಲದೆಯೂ ಒಳನುಗ್ಗುತ್ತವೆ. 2020ರ ಡಿಸೆಂಬರಿನ ಚುನಾವಣೆಯಲ್ಲಿ ಕೆಲವೆಡೆ ಪಂಚಾಯಿತಿಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದಿ ತಲೆತಗ್ಗಿಸಿದವರಲ್ಲಿ ನಾನೂ ಒಬ್ಬ.

ತಮಿಳುನಾಡಿನಲ್ಲಿಯೂ ಗ್ರಾಮ ಪಂಚಾಯಿತಿಯ ಅಧ್ಯಕ್ಷರ ಮತ್ತು ಸದಸ್ಯರ ಚುನಾವಣೆ ಪಕ್ಷರಹಿತವೇ. ಆದರೆ ಪಟ್ಟಣ ಪಂಚಾಯಿತಿ, ಪುರಸಭೆ, ಕಾರ್ಪೊರೇಷನ್ನುಗಳಲ್ಲಿ ಪಕ್ಷಗಳೇ ನೇರವಾಗಿ ಸ್ಪರ್ಧಿಸುತ್ತವೆ. 2011ರಲ್ಲಿ ಮಣಲಿಯೂ ಸೇರಿದಂತೆ 42 ಸ್ಥಳೀಯ ಸಂಸ್ಥೆಗಳು ಚೆನ್ನೈ ಮಹಾನಗರಪಾಲಿಕೆಯಲ್ಲಿ ಲೀನವಾಗಿ, ಅದರ ವಿಸ್ತೀರ್ಣ 174 ಚದರ ಕಿಲೋಮೀಟರಿನಿಂದ 426ಕ್ಕೂ, ವಾರ್ಡುಗಳ ಸಂಖ್ಯೆ 155ರಿಂದ 200ಕ್ಕೂ ಏರಿತು. ಆ ವಿಂಗಡಣೆಯಲ್ಲಿ 15ರಿಂದ 21ರವರೆಗಿನ ವಾರ್ಡುಗಳು ಮಣಲಿ ವಲಯಕ್ಕೆ ಬಂದವು. ಎಡಯನ್‌ಚಾವಡಿ, ಸಡಯನ್‌ಕುಪ್ಪಂ, ಕಡಪಾಕ್ಕಂ ಎಂಬ ಹಳ್ಳಿಗಳು ಅದುವರೆಗೆ ಗ್ರಾಮ ಪಂಚಾಯಿತಿಗಳಾಗಿದ್ದವು. ಅಲ್ಲಿಯ ಜನ ಅಲ್ಲಿಯವರೆಗೆ ಹೆಸರು ಬಲ್ಲ ಮನುಷ್ಯನಿಗೆ ಮತ ಹಾಕುತ್ತಿದ್ದವರು, ಅದೇ ಅಕ್ಟೋಬರಿನಲ್ಲಿ ಪಕ್ಷದ ಚಿಹ್ನೆಗೆ ಮತ ಹಾಕಿದರು. ಹಳ್ಳದ ಹೂಳು ಮಾತ್ರ ಇದ್ದಲ್ಲಿಯೇ ಇತ್ತು. (ತಮಿಳಿನ ಮಣಲ್ ಮತ್ತು ನಮ್ಮ ಮಳಲು ಒಂದೇ ಬಳ್ಳಿಯ ಪದಗಳು, ಈ ಊರಿನ ಹೆಸರನ್ನು ಮೊದಲ ಬಾರಿ ಕೇಳಿದಾಗಲೇ ನನಗೆ ಅದು ಪರಿಚಿತವೆನಿಸಿತ್ತು.)

ನಾವು ಇಲ್ಲಿ ಹೊರಗಿನವರು, ಊರಿನ ಆಡಳಿತದಲ್ಲಿ ನಮಗೇನು ಕೆಲಸವೆಂದು ಅನೇಕರು ಹೇಳುವುದುಂಟು. ಅವರಿಗೆ ಈ ನಗರದ ಆದಿಯನ್ನು ನೆನಪಿಸಬೇಕೆನಿಸುತ್ತದೆ. 1687ರ ಡಿಸೆಂಬರಿನ ಸನ್ನದಿನಂತೆ 1688ರ ಸೆಪ್ಟೆಂಬರ್ 29ರಂದು ಮದರಾಸಿನ ಕಾರ್ಪೊರೇಷನ್ ಆರಂಭವಾದಾಗ ನಥಾನಿಯಲ್ ಹಿಗ್ಗಿನ್‌ಸನ್ ಮೊದಲನೆಯ ಮೇಯರಾದನು. ಅವನ ಜೊತೆಗಿದ್ದ 12 ಮಂದಿ ಆಲ್ಡರ್‌ಮನ್ನರಲ್ಲಿ ಆಂಗ್ಲರಲ್ಲದೆ ಪೋರ್ಚುಗೀಸ್, ಯೆಹೂದಿ ಮತ್ತು ಹಿಂದೂ ವರ್ತಕರೂ ಇದ್ದರು. ಮೊದಲ ಸಭೆಯಲ್ಲಿ ಕುಳಿತವರಲ್ಲಿ ವಲಸೆ ಬಂದವರೇ ಹೆಚ್ಚು! ಇನ್ನೊಂದು ಸ್ವಾರಸ್ಯವೇನೆಂದರೆ, ಈ ಮೇಯರು ಮತ್ತು ಆಲ್ಡರ್‌ಮನ್ನರೇ ನ್ಯಾಯಾಧೀಶರೂ ಆಗಿದ್ದರು. ಮೇಯರ್ಸ್ ಕೋರ್ಟ್ ಎಂಬ ಹೆಸರಿನ ಆ ನ್ಯಾಯಾಲಯವು ರೂಪಾಂತರಗಳನ್ನು ಹೊಂದುತ್ತ ಹದಿನೆಂಟನೆಯ ಶತಮಾನದ ಕೊನೆಯವರೆಗೂ ನಡೆಯಿತು. ಚರಂಡಿ ಕಟ್ಟಿಸುವವನೇ ದಂಡವನ್ನೂ ವಿಧಿಸುವ ಆ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು.

ನ್ಯಾಯಾಧೀಶರನ್ನು ಜನರೇ ಆರಿಸುವ ಪದ್ಧತಿ ಪ್ರಪಂಚದಲ್ಲಿ ಇಲ್ಲವೆಂದಲ್ಲ. ನನ್ನ ತಂಗಿಯ ಮಗ ಅಮೆರಿಕದ ಸಿಯಾಟಲ್ ನಗರದಲ್ಲಿ ನೆಲೆಸಿ ಅಲ್ಲಿಯ ಪೌರತ್ವವನ್ನು ಪಡೆದಿದ್ದಾನೆ. ಮೊದಲ ಬಾರಿ ಅಂಚೆಯಲ್ಲಿ ಮತಪತ್ರ ಬಂದಾಗ ದೂರವಾಣಿಯಲ್ಲಿ ನನ್ನನ್ನು ಕೇಳಿದ: "ಮಾವ, ನಗರಸಭೆಗೂ ಮತ ಹಾಕಬೇಕಂತೆ, ನಗರದ ನ್ಯಾಯಾಧೀಶರಿಗೂ ಹಾಕಬೇಕಂತೆ. ಯಾವ ಹೆಸರಿನ ಮುಂದೆಯೂ ಪಕ್ಷವೇ ಇಲ್ಲ. ನಾನು ಯಾರಿಗೆ ಹಾಕಲಿ?" ಅಲ್ಲಿಯ ನಗರಸಭೆಯ ಚುನಾವಣೆ ಪಕ್ಷರಹಿತ, ಸಂಚಾರದ ಅಪರಾಧ, ಕುಡಿದು ವಾಹನ ನಡೆಸುವುದು ಮುಂತಾದ ಸಣ್ಣ ಮೊಕದ್ದಮೆಗಳನ್ನು ವಿಚಾರಿಸುವ ನಗರ ನ್ಯಾಯಾಧೀಶರನ್ನೂ ನಾಲ್ಕು ವರ್ಷಗಳಿಗೊಮ್ಮೆ ಜನರೇ ಪಕ್ಷರಹಿತವಾಗಿ ಆರಿಸುತ್ತಾರೆ. ಅಭ್ಯರ್ಥಿಗಳ ಹೇಳಿಕೆಗಳನ್ನು ಅಚ್ಚು ಮಾಡಿದ ಒಂದು ಕಿರುಪುಸ್ತಕ ಮತದಾರರ ಮನೆಗೆ ಬರುತ್ತದೆ. "ಅದನ್ನು ಓದಿದೆಯಾ?" ಎಂದೆ. "ಅಷ್ಟು ದೊಡ್ಡದು ಯಾರು ಓದುತ್ತಾರೆ, ಮಾವ?" ಎಂದ. ಪಕ್ಷದ ಚಿಹ್ನೆಯನ್ನು ತೆಗೆದರೆ ಮತದಾರನ ಕೆಲಸ ಹಗುರಾಗುವುದಿಲ್ಲ, ಹೆಚ್ಚುತ್ತದೆ. ಸಮುದ್ರದಾಚೆಯೂ ನಮ್ಮ ಸೋಮಾರಿತನ ಒಂದೇ. ಆದರೂ ನ್ಯಾಯಾಧೀಶರು ಮತ ಕೇಳಿಕೊಂಡು ಬರುವುದು ನನಗಂತೂ ಒಪ್ಪಿಗೆಯಾಗದು. ನಮ್ಮಲ್ಲಿ ಆಹಾರದ ಕಲಬೆರಕೆಯಂಥ ಮೊಕದ್ದಮೆಗಳು ನೇಮಕಗೊಂಡ ಅಧಿಕಾರಿಗಳ ಮುಂದೆಯೇ ಹೋಗುತ್ತವೆ. ಕರ್ನಾಟಕದ 1983ರ ಅಧಿನಿಯಮದ ಹೆಸರಿನಲ್ಲಿಯೇ ನ್ಯಾಯ ಪಂಚಾಯಿತಿ ಎಂಬ ಮಾತಿತ್ತು. 1993ರದರಲ್ಲಿ ಅದು ಉಳಿಯಲಿಲ್ಲ.

ಕೌನ್ಸಿಲರೇ ಇಲ್ಲದಿದ್ದರೆ ಏನಾಗುವುದೆಂಬುದನ್ನು ಈ ನಗರ ಎರಡು ಬಾರಿ ಕಂಡಿದೆ. 1973ರಲ್ಲಿ ಮದರಾಸು ಕಾರ್ಪೊರೇಷನ್ನಿನ ಚುನಾಯಿತ ಮಂಡಲಿಯನ್ನು ರದ್ದುಗೊಳಿಸಿದ ಮೇಲೆ 1996ರವರೆಗೆ, ಎಂದರೆ 23 ವರ್ಷಗಳ ಕಾಲ, ಅಧಿಕಾರಿಗಳೇ ಆಳಿದರು. ಪುನಃ 2016ರ ಅಕ್ಟೋಬರಿನಲ್ಲಿ ನಡೆಯಬೇಕಾಗಿದ್ದ ಚುನಾವಣೆಯನ್ನು ಉಚ್ಚ ನ್ಯಾಯಾಲಯವು ರದ್ದುಪಡಿಸಿತು. ಮುಂದಿನ ಚುನಾವಣೆ ನಡೆದದ್ದು 2022ರ ಫೆಬ್ರವರಿ 19ರಂದು. ಈ ನಡುವೆಯೇ ಕೋವಿಡ್ ಮಹಾಮಾರಿ ಬಂದು ಹೋಯಿತು. 2020 ಮತ್ತು 2021ರ ಆ ಭೀಕರ ತಿಂಗಳುಗಳಲ್ಲಿ ಚೆನ್ನೈಯ 200 ವಾರ್ಡುಗಳಲ್ಲಿ ಒಬ್ಬ ಕೌನ್ಸಿಲರೂ ಇರಲಿಲ್ಲ. ಅಧಿಕಾರಿಗಳೂ ನೈರ್ಮಲ್ಯ ಕಾರ್ಮಿಕರೂ ಜೀವವನ್ನು ಪಣವಾಗಿಟ್ಟು ದುಡಿದರು, ಅದನ್ನು ಮರೆಯಲಾಗದು. ಆದರೆ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಅಲೆದಾಡಿದವರಿಗೆ ರಾತ್ರಿ ಹೋಗಿ ಬಾಗಿಲು ತಟ್ಟಲು ತಮ್ಮ ಬೀದಿಯದೇ ಆದ ಒಂದು ಮನೆಯಿರಲಿಲ್ಲ. ಬೆಂಗಳೂರಿನವರೂ ನಗುವಂತಿಲ್ಲ, ಅಲ್ಲಿ 2020ರ ಸೆಪ್ಟೆಂಬರಿನಲ್ಲಿ ಮಂಡಲಿಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ.

ಅಷ್ಟು ಕಾಲ ಕಾದು ಬಂದ 2022ರ ಚುನಾವಣೆಯಲ್ಲಿ ರಾಜ್ಯದಲ್ಲಿ ಶೇಕಡಾ 60ರಷ್ಟು ಜನ ಮತ ಹಾಕಿದರೆ, ಚೆನ್ನೈಯಲ್ಲಿ ಹಾಕಿದವರು ಶೇಕಡಾ 44ಕ್ಕೂ ಕಡಿಮೆ. ಅರ್ಧಕ್ಕಿಂತ ಹೆಚ್ಚು ಮನೆಮಂದಿ ಮನೆಯಲ್ಲಿಯೇ ಉಳಿದರು.

ಕೌನ್ಸಿಲರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಕಸದ ವಿಲೇವಾರಿ, ಮಳೆನೀರಿನ ಚರಂಡಿ, ಸೊಳ್ಳೆಯ ನಿರ್ಮೂಲನ, ನಗರ ಪ್ರಾಥಮಿಕ ಆರೋಗ್ಯ ಕೇಂದ್ರ, ಜನನ ಮರಣಗಳ ನೋಂದಣಿ ಇವೆಲ್ಲ ಕಾರ್ಪೊರೇಷನ್ನಿನವು. ಕುಡಿಯುವ ನೀರು ಮತ್ತು ಒಳಚರಂಡಿ 1978ರಲ್ಲಿ ಸ್ಥಾಪಿತವಾದ ಮೆಟ್ರೊವಾಟರ್ ಮಂಡಲಿಯ ಕೈಯಲ್ಲಿವೆ. ಬೀದಿಯಲ್ಲಿ ನಿಂತ ಕಪ್ಪು ನೀರು ಮಳೆಯದೋ ಮಲದ್ದೋ ಎಂಬ ವಿವಾದದಲ್ಲಿ ಎರಡು ಕಚೇರಿಗಳ ನಡುವೆ ಓಡಾಡಿ ಸುಸ್ತಾದ ಗೃಹಸ್ಥರು ಬಹಳ. ಆಗ ಎರಡೂ ಕಡೆಯವರನ್ನು ಒಂದೇ ಗುಂಡಿಯ ಬಳಿ ನಿಲ್ಲಿಸಬಲ್ಲವರು ವಾರ್ಡಿನ ಕೌನ್ಸಿಲರು ಮಾತ್ರ.

ಸೊಳ್ಳೆಯ ವಿಷಯದಲ್ಲಿ ಕೆಲಸ ಹಂಚಿಹೋಗಿದೆ. ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಕಾರ್ಪೊರೇಷನ್ನಿನ ಪಾಲಿನದು. ಆದರೆ ಡೆಂಗೆ ಹರಡುವ ಈಡಿಸ್ ಸೊಳ್ಳೆಯೂ, ಈ ನಗರದ ಮಲೇರಿಯಕ್ಕೆ ಕಾರಣವಾದ ಅನಾಫಿಲಿಸ್ ಸ್ಟಿಫೆನ್ಸಿಯೂ ತಿಳಿನೀರನ್ನೇ ಬಯಸುತ್ತವೆ: ನಮ್ಮ ಮಾಳಿಗೆಯ ತೊಟ್ಟಿ, ಮುಚ್ಚದ ಬಾವಿ, ಹಳೆಯ ಟಯರು, ಹೂಕುಂಡದ ತಟ್ಟೆ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ಪಾತ್ರೆಗಳನ್ನು ಬರಿದು ಮಾಡಿ ಉಜ್ಜುವ ಕೆಲಸಕ್ಕೆ ಯಾವ ಕೌನ್ಸಿಲರನ್ನೂ ಕಾಯಬೇಕಾಗಿಲ್ಲ.

ಮಣಲಿಯ ಗಾಳಿಯ ಮಾತು ಬೇರೆ. 1969ರಲ್ಲಿ ತೈಲ ಶುದ್ಧೀಕರಣಾಗಾರ, ಅದರ ಬೆನ್ನಿಗೆ ರಸಗೊಬ್ಬರದ ಕಾರ್ಖಾನೆ, ಬಳಿಕ ಪೆಟ್ರೊ ರಸಾಯನಗಳ ಸಾಲು. ನಮ್ಮಂಥವರಿಗೆ ಅನ್ನ ಕೊಟ್ಟದ್ದು ಇವೇ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು 2009ರಲ್ಲಿ ಮಾಡಿದ ಮಾಪನದಲ್ಲಿ 70ಕ್ಕಿಂತ ಹೆಚ್ಚು ಅಂಕ ಪಡೆದು ತೀವ್ರ ಮಲಿನವೆನಿಸಿದ ಪ್ರದೇಶಗಳ ಪಟ್ಟಿಗೆ ಮಣಲಿಯೂ ಸೇರಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಪ್ರವಾಹದೊಡನೆ ತೈಲವು ಬಕಿಂಗ್‌ಹ್ಯಾಂ ಕಾಲುವೆಯ ಮೂಲಕ ಎಣ್ಣೂರಿನ ಅಳಿವೆಗೆ ಹರಿದು, ಮೀನುಗಾರರ ದೋಣಿಗಳೂ ಬಲೆಗಳೂ ಕಪ್ಪಾದುದನ್ನು ಎಲ್ಲರೂ ಕಂಡರು. ಇದನ್ನು ತಡೆಯುವ ಅಧಿಕಾರ ವಾರ್ಡಿನ ಕೌನ್ಸಿಲರಿಗಿಲ್ಲ. ಅದು ಮಾಲಿನ್ಯ ನಿಯಂತ್ರಣ ಮಂಡಲಿಯದು. ಹಾಗೆಂದು ಕೌನ್ಸಿಲರು ಸುಮ್ಮನಿರಬೇಕಾಗಿಲ್ಲ. ರಿಪನ್ ಕಟ್ಟಡದ ಸಭೆಯಲ್ಲಿ ಎದ್ದು ನಿಂತು, ನನ್ನ ವಾರ್ಡಿನ ಮಕ್ಕಳಿಗೆ ಉಬ್ಬಸವೇಕೆ ಎಂದು ಕೇಳಿದರೆ ಆ ಪ್ರಶ್ನೆ ದಾಖಲೆಗೆ ಸೇರುತ್ತದೆ. ಹಾಗೆ ಕೇಳುವವರು ಯಾರು, ಯಾವ ಪಕ್ಷದವರಾದರೂ ಸರಿ, ಎಂಬುದನ್ನು ವಿಚಾರಿಸಿ ಮತ ಹಾಕಿದರೆ, ಚಿಹ್ನೆ ಇದ್ದರೂ ನಮ್ಮ ಮತ ಪಕ್ಷರಹಿತವೇ.

ಇನ್ನು ಪಟ್ಟಿಯ ವಿಷಯ. 1950ರ ಜನತಾ ಪ್ರಾತಿನಿಧ್ಯ ಅಧಿನಿಯಮದ ಪ್ರಕಾರ ಒಬ್ಬರ ಹೆಸರು ಎರಡು ಕಡೆ ಇರುವಂತಿಲ್ಲ. ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿಯೇ ಇರಬೇಕು. ಊರಿನಲ್ಲಿ ಪಿತ್ರಾರ್ಜಿತ ಮನೆಯಿದೆ ಎಂಬುದೊಂದೇ ಕಾರಣ ಸಾಲದೆಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಹೊಸದಾಗಿ ಸೇರಿಸಲು ನಮೂನೆ 6, ವಾಸಸ್ಥಳ ಬದಲಾಯಿಸಿದವರಿಗೆ ನಮೂನೆ 8. ವಿಧಾನಸಭೆಯ ಪಟ್ಟಿಯನ್ನೇ ಆಧಾರವಾಗಿಟ್ಟು ವಾರ್ಡಿನ ಪಟ್ಟಿಯನ್ನು ಸಿದ್ಧಪಡಿಸುವುದರಿಂದ, ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ. ನನ್ನ ಹೆಸರನ್ನು ಹಳ್ಳಿಯಿಂದ ತೆಗೆಸಿದ ದಿನ ಮನಸ್ಸಿಗೆ ಕಸಿವಿಸಿಯಾದದ್ದು ನಿಜ. ಊರಿನಲ್ಲಿ ಅಣ್ಣ, "ಇನ್ನು ನೀನು ನೆಂಟ" ಎಂದು ತಮಾಷೆ ಮಾಡಿದರು. ಮಗಳು ಗುಣಮುಖಳಾಗಿ ಆಗಲೇ ಶಾಲೆಗೆ ಹೋಗುತ್ತಿದ್ದಳು.

2022ರ ನವೆಂಬರ್ 1ರಂದು ತಮಿಳುನಾಡಿನ ನಗರಗಳಲ್ಲಿ ಮೊದಲ ಬಾರಿಗೆ ಪ್ರದೇಶ ಸಭೆಗಳು ನಡೆದವು. ಹಳ್ಳಿಯ ಗ್ರಾಮಸಭೆಯಂತೆ ಇಲ್ಲಿ ವಾರ್ಡಿನ ನಿವಾಸಿಗಳೇ ಸೇರಿ ತಮ್ಮ ಬೀದಿಯ ಕುಂದುಕೊರತೆಗಳನ್ನು ಹೇಳಬಹುದು. ಅದೇ ದಿನ ನಮಗೆ ರಾಜ್ಯೋತ್ಸವ. ಬೆಳಿಗ್ಗೆ ಧ್ವಜಾರೋಹಣ ಮುಗಿಸಿ, ಕೇಸರಿಬಾತು ತಿಂದು, ನಾವು ನಾಲ್ಕು ಮಂದಿ ಕನ್ನಡಿಗರು ಹಳದಿ ಕೆಂಪಿನ ಪಟ್ಟಿಯನ್ನು ಅಂಗಿಯ ಮೇಲಿನಿಂದ ತೆಗೆಯಲೂ ಮರೆತು ಸಭೆಗೆ ಹೋದೆವು. ಯಾರೂ ಏನೂ ಅನ್ನಲಿಲ್ಲ. ಕುರ್ಚಿ ಸರಿಸಿ ಜಾಗ ಕೊಟ್ಟರು. ನನ್ನ ಸರದಿ ಬಂದಾಗ, ನಮ್ಮ ಬೀದಿಯ ತಿರುವಿನಲ್ಲಿ ಒಳಚರಂಡಿಯ ಮುಚ್ಚಳ ಒಡೆದು ನಲ್ಲಿಯ ಕೊಳವೆಗೆ ಎರಡು ಗಜ ದೂರದಲ್ಲಿ ಬಾಯಿ ತೆರೆದಿದೆಯೆಂದು ನನ್ನ ಮುರುಕು ತಮಿಳಿನಲ್ಲಿ ಹೇಳಿದೆ. ಮೇಜಿನ ಹಿಂದಿದ್ದ ಗುಮಾಸ್ತರು ಬೀದಿಯ ಹೆಸರನ್ನು ಎರಡು ಬಾರಿ ಕೇಳಿ ಬರೆದುಕೊಂಡರು. ಹನ್ನೆರಡನೆಯ ದಿನ ಹೊಸ ಮುಚ್ಚಳ ಬಂದಿತು.