ಐರ್ಲೆಂಡಿನಲ್ಲಿ ಮತದ ಹಿಡಿತವು ಸಡಿಲಿದ ಬಗೆ

ಈ ಕಾಲದಲ್ಲಿ ಮತದ ಪ್ರಭಾವವು ಕುಗ್ಗುತ್ತ ಬಂದಿದೆಯೆಂಬ ಮಾತು ಎಲ್ಲ ದೇಶಗಳಲ್ಲಿಯೂ ಕೇಳಿಬರುತ್ತಿರುವುದಷ್ಟೆ. ಇದಕ್ಕೆ ಕಾರಣವೇನೆಂದು ಕೇಳಿದರೆ ಒಬ್ಬರು ವಿಜ್ಞಾನವನ್ನೂ, ಮತ್ತೊಬ್ಬರು ಹಣದ ಮೋಹವನ್ನೂ, ವಯಸ್ಸಾದವರು ಇಂದಿನ ಹುಡುಗರನ್ನೂ ಬೊಟ್ಟುಮಾಡಿ ತೋರಿಸುವರು. ಇಂತಹ ಸಾಮಾನ್ಯೋಕ್ತಿಗಳಿಂದ ನಮ್ಮ ತಿಳಿವಳಿಕೆಯು ಹೆಚ್ಚುವಂತಿಲ್ಲ. ಒಂದೇ ದೇಶವನ್ನು ಹಿಡಿದು, ಅಲ್ಲಿ ಯಾವಾಗ, ಯಾವ ಕಾರಣದಿಂದ, ಏನೇನು ನಡೆಯಿತೆಂಬುದನ್ನು ವಿಚಾರಿಸುವುದೇ ಮೇಲು. ಅದಕ್ಕೆ ಐರ್ಲೆಂಡು ತಕ್ಕ ದೇಶವು. ಯುರೋಪಿನಲ್ಲಿ ಅಷ್ಟು ಮತನಿಷ್ಠೆಯುಳ್ಳ ದೇಶಗಳು ಕೆಲವೇ ಇದ್ದುವು. ಅಷ್ಟು ಶೀಘ್ರವಾಗಿ ಮಾರ್ಪಟ್ಟ ದೇಶಗಳು ಇನ್ನೂ ಕಡಿಮೆ. ಅಲ್ಲದೆ ಆ ಕಥೆಯ ಒಂದು ಎಳೆಯು ನಮ್ಮ ಬೆಳಗಾವಿಯವರೆಗೂ ಬಂದು ತಗುಲಿದೆ.

ಐರಿಷ್ ಜನರಿಗೂ ಕ್ಯಾಥೊಲಿಕ್ ಮತಕ್ಕೂ ಇದ್ದ ನಂಟು ಸಾಮಾನ್ಯವಾದುದಲ್ಲ. ಆಂಗ್ಲರ ಆಳಿಕೆಯಲ್ಲಿ ಆ ಮತದವರಿಗೆ ಭೂಮಿ, ವಿದ್ಯೆ, ಉದ್ಯೋಗಗಳಲ್ಲಿ ನಾನಾ ವಿಧವಾದ ನಿರ್ಬಂಧಗಳಿದ್ದುವು. ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಹಕ್ಕು ಅವರಿಗೆ ದೊರೆತುದು 1829ರಲ್ಲಿ. 1845ರಿಂದ ಮುಂದಕ್ಕೆ ಆಲೂಗೆಡ್ಡೆಯ ಬೆಳೆಯು ಕೊಳೆತುಹೋಗಿ ಘೋರವಾದ ಕ್ಷಾಮವು ಬಂದಿತು. ಸುಮಾರು ಹತ್ತು ಲಕ್ಷ ಜನರು ಸತ್ತರು, ಅಷ್ಟೇ ಜನರು ದೇಶಬಿಟ್ಟು ಹೋದರು. ಇಂತಹ ಸಂಕಟದಲ್ಲಿ ಬಡವನ ಭಾಷೆಯನ್ನು ಬಲ್ಲ, ಅವನ ಗುಡಿಸಲಿಗೆ ಬರುವ ವಿದ್ಯಾವಂತನೆಂದರೆ ಊರ ಪಾದ್ರಿಯೊಬ್ಬನೇ. ಹೀಗಿರಲಾಗಿ, 1922ರಲ್ಲಿ ಸ್ವತಂತ್ರವಾದ ದೇಶವು ಇಗರ್ಜಿಯನ್ನು ತನ್ನ ಮನೆಯ ಹಿರಿಯನ ಸ್ಥಾನದಲ್ಲಿ ಕುಳ್ಳಿರಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಹಿರಿಯತನವು ಬರಬರುತ್ತ ಅಧಿಕಾರವಾಯಿತು. 1937ರ ರಾಜ್ಯಘಟನೆಯಲ್ಲಿ ಕ್ಯಾಥೊಲಿಕ್ ಮತಕ್ಕೆ ವಿಶೇಷ ಸ್ಥಾನವೊಂದನ್ನು ಕೊಟ್ಟರು, ವಿವಾಹವಿಚ್ಛೇದನವನ್ನು ನಿಷೇಧಿಸಿದರು. ಗರ್ಭನಿರೋಧದ ಸಾಧನಗಳ ಮಾರಾಟವು 1935ರಲ್ಲಿಯೇ ನಿಷಿದ್ಧವಾಗಿತ್ತು. ಶಾಲೆಗಳೂ, ಅನೇಕ ಆಸ್ಪತ್ರೆಗಳೂ, ಅನಾಥಾಲಯಗಳೂ ಪಾದ್ರಿಗಳ ಮತ್ತು ಸಂನ್ಯಾಸಿನಿಯರ ಕೈಯಲ್ಲಿದ್ದುವು. 1951ರಲ್ಲಿ ಆರೋಗ್ಯಮಂತ್ರಿಯಾಗಿದ್ದ ನೋಯೆಲ್ ಬ್ರೌನ್ ಎಂಬ ವೈದ್ಯರು ತಾಯಂದಿರಿಗೂ ಮಕ್ಕಳಿಗೂ ಉಚಿತ ಚಿಕಿತ್ಸೆಯನ್ನು ಕೊಡುವ ಯೋಜನೆಯೊಂದನ್ನು ಮುಂದಿಟ್ಟರು. ಇದು ಸಂಸಾರದ ಹಕ್ಕಿನಲ್ಲಿ ಸರಕಾರವು ಕೈಹಾಕಿದಂತೆ ಎಂದು ಬಿಷಪ್ಪರು ವಿರೋಧಿಸಿದರು. ವೈದ್ಯರ ಸಂಘವೂ ತನ್ನ ವರಮಾನದ ಚಿಂತೆಯಿಂದ ಅವರೊಡನೆ ಸೇರಿತು. ಮಂತ್ರಿಮಂಡಲವು ಹಿಮ್ಮೆಟ್ಟಿತು, ಬ್ರೌನರು ರಾಜೀನಾಮೆಯಿತ್ತರು. ಬಾಣಂತಿಯ ಔಷಧಕ್ಕೆ ಸಹ ಬಿಷಪ್ಪರ ಅಪ್ಪಣೆಯು ಬೇಕೆಂಬುದು ಅಂದು ಎಲ್ಲರಿಗೂ ತಿಳಿಯಿತು.

ಹಾಗೆಂದು ಜನರು ಬಲಾತ್ಕಾರದಿಂದ ಇಗರ್ಜಿಗೆ ಹೋಗುತ್ತಿದ್ದರೆಂದು ಭಾವಿಸಬಾರದು. 1970ರ ದಶಕದಲ್ಲಿಯೂ ಅಲ್ಲಿನ ಕ್ಯಾಥೊಲಿಕರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ವಾರವಾರವೂ ಬಲಿಪೂಜೆಗೆ ಹೋಗುತ್ತಿದ್ದರು. ಸಾಯಂಕಾಲ ಆರು ಗಂಟೆಗೆ ರೇಡಿಯೋದಲ್ಲಿ ಪ್ರಾರ್ಥನೆಯ ಗಂಟೆಯು ಮೊಳಗಿದರೆ ಎಷ್ಟೋ ಮನೆಗಳಲ್ಲಿ ಕೈಗೆಲಸವು ನಿಲ್ಲುತ್ತಿತ್ತು. 1979ರ ಸೆಪ್ಟೆಂಬರಿನಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಡಬ್ಲಿನ್ ನಗರದ ಫೀನಿಕ್ಸ್ ಪಾರ್ಕಿಗೆ ಬಂದಾಗ ಹತ್ತು ಲಕ್ಷಕ್ಕೂ ಮಿಕ್ಕಿದ ಜನರು ನೆರೆದರು. ದೇಶದ ಜನಸಂಖ್ಯೆಯೇ ಆಗ ಮೂವತ್ತನಾಲ್ಕು ಲಕ್ಷದಷ್ಟು!

ಈ ಕಟ್ಟಡವು ಕುಸಿದುದು ಹೇಗೆ? 1967ರಿಂದ ಪ್ರೌಢಶಾಲೆಯ ವಿದ್ಯೆಯು ಉಚಿತವಾಯಿತು. 1973ರಲ್ಲಿ ದೇಶವು ಯುರೋಪಿನ ಆರ್ಥಿಕ ಒಕ್ಕೂಟವನ್ನು ಸೇರಿತು. ಟೆಲಿವಿಷನ್ ಮನೆಮನೆಗೂ ಬಂದಿತು. ಇವೆಲ್ಲ ಕಾರಣಗಳೇ ಸರಿ. ಆದರೂ ಇವುಗಳಿಂದ ಗೋಡೆಯು ಸವೆದಿತೇ ಹೊರತು ಬೀಳಲಿಲ್ಲ. 1986ರಲ್ಲಿ ಸಹ ವಿವಾಹವಿಚ್ಛೇದನವು ಬೇಡವೆಂದೇ ಜನರು ಬಹುಮತದಿಂದ ತೀರ್ಪಿತ್ತರು. ಗೋಡೆಯನ್ನು ಕೆಡಹಿದವರು ನಾಸ್ತಿಕರಲ್ಲ, ಒಳಗಿದ್ದವರೇ.

1992ರಲ್ಲಿ ಗಾಲ್ವೇಯ ಬಿಷಪ್ಪರಾಗಿದ್ದ ಏಮನ್ ಕೇಸಿಯವರಿಗೆ ಒಬ್ಬ ಮಗನಿರುವನೆಂಬುದು ಹೊರಬಿದ್ದಿತು. ಪೋಪರು ಬಂದಾಗ ತರುಣರನ್ನು ಹುರಿದುಂಬಿಸಿದವರು ಇವರೇ. ನಮ್ಮವರಾದರೆ ಇದನ್ನು ಒಂದು ವಾರ ಆಡಿಕೊಂಡು ಮರೆಯುತ್ತಿದ್ದರೇನೋ. ಆದರೆ ಇದರ ಹಿಂದೆಯೇ ಬಂದ ಸಂಗತಿಗಳು ಮರೆಯತಕ್ಕವುಗಳಾಗಿರಲಿಲ್ಲ. ಪಾದ್ರಿಗಳಲ್ಲಿ ಕೆಲವರು ಮಕ್ಕಳ ಮೇಲೆ ಅತ್ಯಾಚಾರವೆಸಗಿದ್ದರು. ಮೇಲಿನವರು ಅದನ್ನು ತಿಳಿದೂ ಅವರನ್ನು ಊರಿಂದೂರಿಗೆ ವರ್ಗಾಯಿಸುತ್ತಿದ್ದರು. 2009ರಲ್ಲಿ ಪ್ರಕಟವಾದ ವಿಚಾರಣಾ ವರದಿಯು, ಧಾರ್ಮಿಕ ಸಂಘಗಳು ನಡೆಯಿಸುತ್ತಿದ್ದ ಬಡಮಕ್ಕಳ ಶಾಲೆಗಳಲ್ಲಿ ಹೊಡೆತ, ಹಸಿವು, ಮಾನಭಂಗಗಳು ನಿತ್ಯದ ಕ್ರಮವೇ ಆಗಿದ್ದುವೆಂದು ತಿಳಿಸಿತು. ಮದುವೆಯಿಲ್ಲದೆ ಬಸುರಾದ ಹುಡುಗಿಯರನ್ನೂ, ಮನೆಗೆ ಬೇಡವಾದವರನ್ನೂ ಸಂನ್ಯಾಸಿನಿಯರ ಬಟ್ಟೆ ಒಗೆಯುವ ಮನೆಗಳಲ್ಲಿಟ್ಟು ಕೂಲಿಯಿಲ್ಲದೆ ದುಡಿಸುತ್ತಿದ್ದರು. ಅವುಗಳಲ್ಲಿ ಕಡೆಯದು ಮುಚ್ಚಿದುದು 1996ರಲ್ಲಿ. ಪ್ರಧಾನಮಂತ್ರಿ ಎಂಡಾ ಕೆನ್ನಿಯವರು ಸರಕಾರದ ಪರವಾಗಿ ಕ್ಷಮೆ ಬೇಡಿದುದು 2013ರಲ್ಲಿ. ಟೂಮ್ ಎಂಬ ಸಣ್ಣ ಊರಿನ ಕ್ಯಾಥರಿನ್ ಕಾರ್ಲೆಸ್ ಎಂಬ ಗೃಹಿಣಿಯು ತನ್ನ ಊರಿನ ಚರಿತ್ರೆಯನ್ನು ಬರೆಯಹೊರಟು, ಅಲ್ಲಿನ ತಾಯಿಮಕ್ಕಳ ಆಶ್ರಮದಲ್ಲಿ ಸತ್ತ 796 ಮಕ್ಕಳ ಮರಣಪತ್ರಗಳನ್ನು ಒಂದೊಂದಾಗಿ ತರಿಸಿ ನೋಡಿದಳು. ಅವರಿಗೆ ಗೋರಿಗಳೇ ಇರಲಿಲ್ಲ. ಈ ವಾರ್ತೆಯು 2014ರಲ್ಲಿ ಲೋಕಕ್ಕೆಲ್ಲ ಹಬ್ಬಿತು. ಇದರಲ್ಲಿ ಪಾದ್ರಿಗಳದೊಂದೇ ತಪ್ಪೆಂದು ಹೇಳಲಾಗದು. ಮಗಳನ್ನು ಕರೆದೊಯ್ದು ಆ ಬಾಗಿಲಲ್ಲಿ ಬಿಟ್ಟುಬಂದ ತಂದೆತಾಯಿಗಳೂ, ಕಂಡೂ ಕಾಣದಂತಿದ್ದ ನೆರೆಯವರೂ ಇದ್ದರು.

ಇನ್ನು ಬೆಳಗಾವಿಯ ಮಾತು. ಆ ಊರಿನ ಸವಿತಾ ಹಾಲಪ್ಪನವರ ಎಂಬ ದಂತವೈದ್ಯೆಯು ಪತಿಯೊಡನೆ ಗಾಲ್ವೇಯಲ್ಲಿ ನೆಲಸಿದ್ದರು. 2012ರ ಅಕ್ಟೋಬರಿನಲ್ಲಿ, ಹದಿನೇಳು ವಾರಗಳ ಬಸುರಿಯಾಗಿದ್ದಾಗ, ಗರ್ಭವು ಉಳಿಯದೆಂದು ತಿಳಿದು ಅದನ್ನು ತೆಗೆದುಬಿಡಿರೆಂದು ಅವರು ಕೇಳಿಕೊಂಡರು. ಕೂಸಿನ ಹೃದಯವಿನ್ನೂ ಮಿಡಿಯುತ್ತಿರುವುದರಿಂದ ಕಾನೂನು ಒಪ್ಪದೆಂಬ ಉತ್ತರ ಬಂದಿತು. ಇದು ಕ್ಯಾಥೊಲಿಕ್ ದೇಶವೆಂದು ಹೇಳಿದುದನ್ನು ಸೂಲಗಿತ್ತಿಯೊಬ್ಬರು ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ರಕ್ತಕ್ಕೆ ನಂಜೇರಿ ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು. ಅವರಿಗೆ ಮೂವತ್ತೊಂದು ವರ್ಷ. ನಂಜನ್ನು ಹೊತ್ತಿಗೆ ಸರಿಯಾಗಿ ಗುರುತಿಸದ ಚಿಕಿತ್ಸಾದೋಷವನ್ನೂ ವಿಚಾರಣೆಗಳು ಎತ್ತಿ ತೋರಿಸಿದುವು. ಅದನ್ನು ಮರೆಮಾಡಿ ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಪರಮತದ, ಪರದೇಶದ ಹೆಣ್ಣುಮಗಳೊಬ್ಬಳು ಇನ್ನೊಬ್ಬರ ಮತನಿಯಮದ ಬಲೆಯೊಳಗೆ ಸಿಕ್ಕಿ ಸತ್ತಳೆಂಬ ಸಂಗತಿಯು ಐರಿಷ್ ಗೃಹಸ್ಥರ ಮನಸ್ಸನ್ನು ಬಹುವಾಗಿ ನೋಯಿಸಿತು. 1983ರಲ್ಲಿ ನೂರಕ್ಕೆ 67ರಷ್ಟು ಮತಗಳಿಂದ ಘಟನೆಯಲ್ಲಿ ಸೇರಿಸಿದ್ದ ಗರ್ಭರಕ್ಷಣೆಯ ವಿಧಿಯನ್ನು ಅದೇ ದೇಶವು 2018ರ ಮೇ ತಿಂಗಳಲ್ಲಿ ನೂರಕ್ಕೆ 66ರಷ್ಟು ಮತಗಳಿಂದ ತೆಗೆದುಹಾಕಿತು. ಸವಿತಾರ ತಂದೆಯವರು ಬೆಳಗಾವಿಯಿಂದ ಆ ಜನರಿಗೆ ಮನವಿಯನ್ನು ಕಳುಹಿಸಿದ್ದರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಬರೆದ ಆಕೆಯ ಚಿತ್ರದ ಬಳಿ ಸಾವಿರಾರು ಮಂದಿ ಬಂದು, ಕ್ಷಮಿಸೆಂದು ಚೀಟಿಗಳನ್ನು ಬರೆದು ಅಂಟಿಸಿಹೋದರು.

ವಿವಾಹವಿಚ್ಛೇದನವು 1995ರಲ್ಲಿ ಕೇವಲ 9,114 ಮತಗಳ ಅಂತರದಿಂದ ಅಂಗೀಕೃತವಾಗಿತ್ತು. 2018ರ ಆಗಸ್ಟಿನಲ್ಲಿ ಪೋಪ್ ಫ್ರಾನ್ಸಿಸರು ಅದೇ ಫೀನಿಕ್ಸ್ ಪಾರ್ಕಿಗೆ ಬಂದರು. ಐದು ಲಕ್ಷ ಜನರ ನಿರೀಕ್ಷೆಯಿತ್ತು, ಬಂದವರು ಅದರಲ್ಲೊಂದು ಭಾಗ ಮಾತ್ರ. 1961ರ ಜನಗಣತಿಯಲ್ಲಿ ನೂರಕ್ಕೆ 95 ಮಂದಿ ಕ್ಯಾಥೊಲಿಕರಾಗಿದ್ದರು. 2022ರಲ್ಲಿ 69 ಮಂದಿ.

ಹಾಗಾದರೆ ಮತವೇ ಹೋಯಿತೇ? ಇಲ್ಲಿ ವಾಚಕರು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಅಧಿಕಾರವು ಹೋಗುವುದು ಬೇರೆ, ನಂಬಿಕೆಯು ಹೋಗುವುದು ಬೇರೆ. ಪ್ರಾಥಮಿಕ ಶಾಲೆಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಇಂದಿಗೂ ಆ ಮತದ ಆಡಳಿತದಲ್ಲಿಯೇ ಇವೆ. ಆರು ಗಂಟೆಯ ಗಂಟೆಯು ಇನ್ನೂ ಮೊಳಗುತ್ತಿದೆ. ಭಾನುವಾರ ಇಗರ್ಜಿಯ ಕಡೆ ಸುಳಿಯದವರು ಸಹ ಕೂಸಿಗೆ ದೀಕ್ಷಾಸ್ನಾನವನ್ನು ಮಾಡಿಸುತ್ತಾರೆ. ಸತ್ತವರ ಮನೆಗೆ ಪಾದ್ರಿಯನ್ನು ಕರೆಯುತ್ತಾರೆ. ಜುಲೈ ತಿಂಗಳ ಕಡೆಯ ಭಾನುವಾರ ಕ್ರೋಗ್ ಪ್ಯಾಟ್ರಿಕ್ ಬೆಟ್ಟವನ್ನು ಸಾವಿರಾರು ಮಂದಿ ಹತ್ತುತ್ತಾರೆ, ಕೆಲವರು ಬರಿಗಾಲಿನಲ್ಲಿಯೇ. ಅವರನ್ನು ಹತ್ತಿರೆಂದು ಯಾವ ಬಿಷಪ್ಪರೂ ಈಗ ಗದರಿಸುವುದಿಲ್ಲ. ನಷ್ಟವೂ ಇಲ್ಲದಿಲ್ಲ. ಪಾದ್ರಿಯಿಲ್ಲದೆ ಬಾಗಿಲು ಹಾಕಿದ ಹಳ್ಳಿಯ ಇಗರ್ಜಿಯ ಎದುರಿಗೆ, ವಾರಕ್ಕೊಮ್ಮೆ ನೆರೆಯವರ ಮುಖವನ್ನು ಅಲ್ಲಿಯೇ ಕಾಣುತ್ತಿದ್ದ ಒಂಟಿ ಮುದುಕಿಗೆ, ಜನಮತದ ಅಂಕಿಗಳು ಸಮಾಧಾನವನ್ನು ಕೊಡಲಾರವು.

ಒಂದು ಕಾಲದಲ್ಲಿ ಐರ್ಲೆಂಡು ಲೋಕಕ್ಕೆಲ್ಲ ಪಾದ್ರಿಗಳನ್ನು ಕಳುಹಿಸುತ್ತಿತ್ತು. ಲೊರೆಟೊ ಸಂಘದ ಐರಿಷ್ ಸಂನ್ಯಾಸಿನಿಯರು 1841ರಲ್ಲಿ ಕಲ್ಕತ್ತೆಗೆ ಬಂದು ಶಾಲೆಯನ್ನು ತೆರೆದರು. ಮದರ್ ತೆರೇಸರು 1928ರಲ್ಲಿ ಮೊದಲು ಸೇರಿದುದು ಡಬ್ಲಿನ್ನಿನ ಬಳಿಯ ಆ ಸಂಘದ ಮಠವನ್ನೇ. ಈಗ ಆ ಪ್ರವಾಹವು ಹಿಂದಕ್ಕೆ ಹರಿಯುತ್ತಿದೆ. ಕೇರಳದಿಂದಲೂ ನೈಜೀರಿಯಾದಿಂದಲೂ ಹೋದ ತರುಣ ಪಾದ್ರಿಗಳು ಐರ್ಲೆಂಡಿನ ಇಗರ್ಜಿಗಳಲ್ಲಿ ಪೂಜೆಯನ್ನು ಸಲ್ಲಿಸುತ್ತಿದ್ದಾರೆ. ಎದುರಿನ ಪೀಠಗಳಲ್ಲಿ ನರೆತ ತಲೆಯ ಐರಿಷರ ನಡುವೆ, ಆಸ್ಪತ್ರೆಯ ರಾತ್ರಿಯ ಪಾಳಿಯನ್ನು ಮುಗಿಸಿಬಂದ ಮಲೆಯಾಳಿ ದಾದಿಯರೂ ಅವರ ಮಕ್ಕಳೂ ಕುಳಿತಿರುತ್ತಾರೆ.