ವಿಷಕನ್ಯೆ ಎನಿಸಿಕೊಂಡ ಪೋಪನ ಮಗಳು

1500ನೆಯ ಇಸವಿಯ ಬೇಸಗೆ. ರೋಮ್ ನಗರದ ವ್ಯಾಟಿಕನ್ ಅರಮನೆಯ ಒಂದು ಕೋಣೆ. ಹತ್ತೊಂಬತ್ತರ ಹರೆಯದ ತರುಣನೊಬ್ಬ ತಲೆ, ತೋಳು, ಕಾಲುಗಳಿಗೆ ಕತ್ತಿಯೇಟು ತಿಂದು ಹಾಸಿಗೆ ಹಿಡಿದಿದ್ದಾನೆ. ಬಾಗಿಲಲ್ಲಿ ಹಗಲಿರುಳು ಕಾವಲು. ಅವನ ಮಗ್ಗುಲು ಬಿಟ್ಟೇಳದೆ ಕುಳಿತಿರುವವಳು ಇಪ್ಪತ್ತು ವರ್ಷದ ಅವನ ಮಡದಿ. ಅರಮನೆಯ ಪಾಕಶಾಲೆಯಿಂದ ಬರುವ ಒಂದು ತುತ್ತನ್ನೂ ಆಕೆ ಗಂಡನ ಬಾಯಿಗೆ ತಾಗಗೊಡುವುದಿಲ್ಲ. ನಾದಿನಿಯೊಡನೆ ಸೇರಿ, ತನ್ನ ಕೈಯಾರೆ ಬೇಯಿಸಿ ಉಣಿಸುತ್ತಾಳೆ. ಏಕೆ? ವಿಷದ ಭಯ!

ಆ ಮಡದಿಯ ಹೆಸರು ಲುಕ್ರೆಜಿಯಾ ಬೋರ್ಜಿಯಾ. ಕ್ರೈಸ್ತ ಲೋಕದ ಪರಮಗುರುವಾಗಿದ್ದ ಪೋಪ್ ಆರನೆಯ ಅಲೆಕ್ಸಾಂಡರನ ಮಗಳು. ವಿಧಿಯ ವಿನೋದವನ್ನು ನೋಡಿರಿ: ಗಂಡನನ್ನು ವಿಷದಿಂದ ಕಾಪಾಡಲು ಒಲೆಯ ಮುಂದೆ ಕುಳಿತ ಈ ಹೆಣ್ಣಿನ ಹೆಸರೇ ಮುಂದೆ ಯುರೋಪಿನಲ್ಲೆಲ್ಲ ವಿಷಕ್ಕೆ ಪರ್ಯಾಯಪದವಾಯಿತು. ಟೊಳ್ಳು ಉಂಗುರದಲ್ಲಿ ಕಾರ್ಕೋಟಕವನ್ನು ತುಂಬಿಟ್ಟುಕೊಂಡು, ಮಂದಹಾಸದೊಡನೆ ಅತಿಥಿಗಳ ಬಟ್ಟಲಿಗೆ ಬೆರೆಸುತ್ತಿದ್ದ ವಿಷಕನ್ಯೆಯೆಂದು ಜನ ಆಕೆಯನ್ನು ನೆನೆದರು.

ತೆರೆಯ ಮೇಲಿನ ಮನೆತನ

ಈ ಬೋರ್ಜಿಯಾ ಮನೆತನದ ಕಥೆಯನ್ನು ನಮ್ಮ ಕಾಲದ ಮನೆಮನೆಗೆ ತಂದದ್ದು ‘ದಿ ಬೋರ್ಜಿಯಾಸ್’ ಎಂಬ ಟೆಲಿವಿಷನ್ ಧಾರಾವಾಹಿ. ಐರ್ಲೆಂಡಿನ ಖ್ಯಾತ ಚಿತ್ರ ನಿರ್ದೇಶಕ ನೀಲ್ ಜೋರ್ಡನ್ ಇದರ ಕರ್ತೃ. ಅಮೆರಿಕದ ಷೋಟೈಮ್ ವಾಹಿನಿಯಲ್ಲಿ 2011ರ ಏಪ್ರಿಲಿನಿಂದ 2013ರ ಜೂನ್‌ವರೆಗೆ ಮೂರು ಸರಣಿಗಳಲ್ಲಿ ಒಟ್ಟು 29 ಕಂತುಗಳು ಪ್ರಸಾರವಾದವು. ಹಂಗೇರಿ ದೇಶದಲ್ಲಿ ಹಳೆಯ ರೋಮ್ ನಗರವನ್ನೇ ಕಟ್ಟಿ ನಿಲ್ಲಿಸಿದರು. ಜರತಾರಿ, ಮಖಮಲ್ಲು, ಮುತ್ತುಗಳ ಆ ವೇಷಭೂಷಣಗಳಿಗೆ ಎಮ್ಮಿ ಪ್ರಶಸ್ತಿಯೇ ದೊರೆಯಿತು. ಪೋಪನಾಗಿ ಜೆರೆಮಿ ಐಯರ್ನ್ಸ್, ಅವನ ಮಗ ಚೆಸಾರೆಯಾಗಿ ಫ್ರಾಂಸ್ವಾ ಆರ್ನೊ, ಲುಕ್ರೆಜಿಯಾ ಆಗಿ ಹಾಲಿಡೇ ಗ್ರೇಂಜರ್ ನಟಿಸಿದರು. ಕೊಲೆ, ಕಾಮ, ಕುತಂತ್ರಗಳ ಈ ಚಿತ್ರ ಮಕ್ಕಳೊಡನೆ ಕುಳಿತು ನೋಡತಕ್ಕದ್ದಲ್ಲ ಎಂಬ ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಕಥೆ ರಂಜಕವಾಗಿದೆ, ನಟನೆ ಅಮೋಘವಾಗಿದೆ. ಆದರೆ ಕಟ್ಟಕಡೆಯ ಕಂತಿನಲ್ಲಿ ನಡೆಯುವುದೇನು? ಚೆಸಾರೆಯೊಡನೆ ಜಗಳಕ್ಕಿಳಿದು ಕತ್ತಿಗೆ ಸಿಕ್ಕಿದ ಗಂಡನಿಗೆ, ಅವನ ಸಂಕಟವನ್ನು ನೋಡಲಾರದೆ, ಲುಕ್ರೆಜಿಯಾ ತಾನೇ ವಿಷ ಕೊಡುತ್ತಾಳೆ! ಕರುಣೆಯಿಂದ ಕೊಟ್ಟಳೆಂದೇ ಧಾರಾವಾಹಿ ತೋರಿಸುತ್ತದೆ, ನಿಜ. ಆದರೂ ಬಟ್ಟಲು ಮತ್ತೆ ಅವಳ ಕೈಗೇ ಬಂದಿತಲ್ಲ! ಚರಿತ್ರೆಯ ಲುಕ್ರೆಜಿಯಾ ಯಾವುದನ್ನು ತಡೆಯಲು ಒಲೆಯ ಮುಂದೆ ಕುಳಿತಳೋ ಅದನ್ನೇ ತೆರೆಯ ಲುಕ್ರೆಜಿಯಾ ಮಾಡಿದಳು.

ತಂದೆ ಎಂಥವನು?

ಲುಕ್ರೆಜಿಯಾಳ ತಂದೆ ರೊದ್ರಿಗೊ ಬೋರ್ಜಿಯಾ ಸ್ಪೇನ್ ದೇಶದವನು, ವೆಲೆನ್ಸಿಯಾ ಸೀಮೆಯ ಶಾತಿವಾ ಎಂಬ ಊರಿನವನು. ಸೋದರಮಾವ 1455ರಲ್ಲಿ ಪೋಪನಾದದ್ದೇ ತಡ, ಸೋದರಳಿಯನಿಗೆ ಇಪ್ಪತ್ತೈದನೆಯ ವಯಸ್ಸಿಗೇ ಕಾರ್ಡಿನಲ್ ಪದವಿ ಒಲಿದು ಬಂತು. ಮೂವತ್ತೈದು ವರ್ಷ ಚರ್ಚಿನ ಆಡಳಿತವನ್ನು ನಡೆಸಿ ಅಪಾರ ಐಶ್ವರ್ಯವನ್ನು ಗಳಿಸಿದ ಆತ 1492ರ ಆಗಸ್ಟಿನಲ್ಲಿ ಪೋಪ್ ಪೀಠವನ್ನೇರಿದ. ಬೆಂಬಲಿಸಿದ ಒಬ್ಬ ಕಾರ್ಡಿನಲ್ಲನ ಮನೆಗೆ ನಾಲ್ಕು ಹೇಸರಗತ್ತೆಗಳ ಮೇಲೆ ಬೆಳ್ಳಿ ಹೋಯಿತೆಂದು ಆ ಕಾಲದ ದಿನಚರಿಕಾರನೊಬ್ಬ ಬರೆದಿಟ್ಟಿದ್ದಾನೆ.

ಈ ಪೋಪನ ಹಸ್ತಾಕ್ಷರದ ನೆರಳು ನಮ್ಮ ಕರಾವಳಿಯವರೆಗೂ ಚಾಚಿತು. 1493ರಲ್ಲಿ ಹೊಸದಾಗಿ ಕಂಡ ಸಾಗರಗಳನ್ನು ಗೆರೆಯೆಳೆದು ಪಾಲು ಮಾಡಿದವನು ಇವನೇ. ಮರುವರ್ಷ ಸ್ಪೇನ್, ಪೋರ್ಚುಗಲ್‌ಗಳು ಆ ಗೆರೆಯನ್ನು ತಿದ್ದಿಕೊಂಡವು. ಪೂರ್ವದ ದಾರಿ ಪೋರ್ಚುಗೀಸರಿಗೆ ಉಳಿಯಿತು. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದು, ಹಿಂದಿರುಗುವಾಗ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಹಡಗು ನಿಲ್ಲಿಸಿದ್ದ.

ಬ್ರಹ್ಮಚರ್ಯದ ವ್ರತ ತೊಟ್ಟವನಿಗೆ ಮಕ್ಕಳೆಲ್ಲಿಂದ ಬಂದರೆಂದು ವಾಚಕರು ಕೇಳಬಹುದು. ವನ್ನೋಜಾ ಎಂಬ ಸ್ತ್ರೀಯಲ್ಲಿ ಅವನಿಗೆ ನಾಲ್ವರು ಮಕ್ಕಳು: ಚೆಸಾರೆ, ಹುವಾನ್, ಲುಕ್ರೆಜಿಯಾ, ಜೊಫ್ರೆ. ಬೇರೆಯವರು ಬಚ್ಚಿಟ್ಟದ್ದನ್ನು ರೊದ್ರಿಗೊ ಬಚ್ಚಿಡಲಿಲ್ಲ. ಮಕ್ಕಳನ್ನು ಅವನು ಪ್ರಾಣದಂತೆ ಪ್ರೀತಿಸಿದ. ಚದುರಂಗದ ಕಾಯಿಗಳಂತೆ ನಡೆಸಿದ. ಎರಡೂ ನಿಜ.

ಮೂರು ಮದುವೆ

1493ರಲ್ಲಿ ಹದಿಮೂರು ವರ್ಷದ ಲುಕ್ರೆಜಿಯಾಳನ್ನು ಪೆಸಾರೊ ಸಂಸ್ಥಾನದ ಒಡೆಯ ಜೊವಾನ್ನಿ ಸ್ಫೋರ್ಜಾನಿಗೆ ಧಾರೆಯೆರೆದರು. ಮಿಲಾನಿನ ಸ್ಫೋರ್ಜಾಗಳ ಸ್ನೇಹ ಪೋಪನಿಗೆ ಬೇಕಾಗಿತ್ತು. ನಾಲ್ಕು ವರ್ಷಗಳಲ್ಲಿ ರಾಜಕಾರಣದ ಗಾಳಿ ಬೇರೆಡೆಗೆ ತಿರುಗಿತು, ಅಳಿಯ ಬೇಡವಾದ. ‘ದಾಂಪತ್ಯವೇ ನಡೆದಿಲ್ಲ, ಗಂಡ ಅಸಮರ್ಥ’ ಎಂಬ ನೆಪವೊಡ್ಡಿ 1497ರ ಡಿಸೆಂಬರಿನಲ್ಲಿ ಮದುವೆಯನ್ನು ರದ್ದುಗೊಳಿಸಿದರು. ಹಾಗೆಂದು ಸ್ವತಃ ಗಂಡನಿಂದಲೇ ಬರೆಸಿಕೊಂಡರು. ಮೊದಲ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದ ಆ ಗಂಡಸಿಗೆ ಇದಕ್ಕಿಂತ ದೊಡ್ಡ ಅವಮಾನವುಂಟೆ? ಉರಿದೆದ್ದ ಅವನು ಮಿಲಾನಿನಲ್ಲಿ ಒಂದು ಮಾತನ್ನಾಡಿದ: ಪೋಪನಿಗೆ ತನ್ನ ಮಗಳು ತನಗೇ ಬೇಕಾಗಿದ್ದಾಳೆ!

ನೊಂದ ಗಂಡಸೊಬ್ಬ ಸಿಟ್ಟಿನಲ್ಲಿ ಉಗುಳಿದ ಮಾತು ಅದು. ಅಗಸನ ಒಂದು ಮಾತು ಅಯೋಧ್ಯೆಯಲ್ಲಿ ಮಾಡಿದ್ದನ್ನು ಬಲ್ಲ ನಮಗೆ ಅದರ ಫಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಯಭಾರಿಗಳು ಅದನ್ನು ಓಲೆಯಲ್ಲಿ ಬರೆದರು. ಕವಿಗಳು ಚುಟುಕ ಕಟ್ಟಿದರು. ಕಾಲಕ್ರಮದಲ್ಲಿ ತಂದೆಯ ಜೊತೆಗೆ ಅಣ್ಣನ ಹೆಸರೂ ಸೇರಿತು. ಐದು ಶತಮಾನಗಳಾದ ಮೇಲೆ ಧಾರಾವಾಹಿಯ ಮೂರನೆಯ ಸರಣಿ ಅಣ್ಣತಂಗಿಯರ ಆ ಹೇಯ ವದಂತಿಯನ್ನೇ ಕಥೆಯ ನಡುಗಂಬವಾಗಿ ಮಾಡಿಕೊಂಡಿತು.

ಆ 1497ರ ಜೂನಿನಲ್ಲಿಯೇ ಹುವಾನ್ ಕೊಲೆಯಾಗಿದ್ದ. ಒಂಬತ್ತು ಇರಿತಗಳಿದ್ದ ಶವವನ್ನು ಟೈಬರ್ ನದಿಯಿಂದೆತ್ತಿದಾಗ ಹಣದ ಚೀಲ ಹಾಗೆಯೇ ಇತ್ತು. ನದಿಗೆ ಶವವೆಸೆದುದನ್ನು ಕಂಡಿದ್ದ ಸೌದೆಯ ವ್ಯಾಪಾರಿಯೊಬ್ಬನನ್ನು, ಆಗಲೇ ಏಕೆ ತಿಳಿಸಲಿಲ್ಲವೆಂದು ಕೇಳಿದರು. ಅಲ್ಲಿ ಇಂಥ ನೂರು ಶವಗಳನ್ನು ಎಸೆದುದನ್ನು ತಾನು ಕಂಡಿರುವುದಾಗಿಯೂ, ಯಾರೂ ಎಂದೂ ವಿಚಾರಿಸಲಿಲ್ಲವಾಗಿಯೂ ಅವನು ಹೇಳಿದನಂತೆ! ಅಂದಿನ ರೋಮ್ ಹಾಗಿತ್ತು. ಕೊಂದವರು ಯಾರೆಂಬುದು ಇಂದಿಗೂ ಬಗೆಹರಿದಿಲ್ಲ. ಧಾರಾವಾಹಿಯಲ್ಲಿ ಮಾತ್ರ ಚೆಸಾರೆಯೇ ತಮ್ಮನನ್ನು ಇರಿದು ನದಿಗೆ ತಳ್ಳುತ್ತಾನೆ.

1498ರ ಜುಲೈಯಲ್ಲಿ ಲುಕ್ರೆಜಿಯಾಳಿಗೆ ಎರಡನೆಯ ಮದುವೆ. ವರ ನೇಪಲ್ಸ್ ರಾಜವಂಶದ ಅಲ್ಫೊನ್ಸೊ, ಆಕೆಗಿಂತ ಒಂದು ವರ್ಷ ಕಿರಿಯ, ಸುಂದರ. ಈ ಗಂಡನನ್ನು ಆಕೆ ಮನಸಾರೆ ಮೆಚ್ಚಿದಳು. ಗಂಡುಮಗು ಹುಟ್ಟಿತು, ಅಜ್ಜನ ಹೆಸರನ್ನೇ ಇಟ್ಟರು. ಆದರೆ ಚೆಸಾರೆ ಅಷ್ಟರಲ್ಲಿ ಕಾರ್ಡಿನಲ್ ಪದವಿಯನ್ನು ಕಳಚಿ, ಫ್ರಾನ್ಸಿನ ಅರಸನ ಮಿತ್ರನಾಗಿ, ಖಡ್ಗ ಹಿಡಿದು ಹೊರಟಿದ್ದ. ಫ್ರಾನ್ಸಿಗೆ ನೇಪಲ್ಸಿನ ಮೇಲೆ ಕಣ್ಣು. ನೇಪಲ್ಸಿನ ಅಳಿಯ ಈಗ ಕಾಲಿನ ಮುಳ್ಳಾದ.

1500ರ ಜುಲೈ 15ರ ರಾತ್ರಿ ಸಂತ ಪೀಟರ್ ದೇವಾಲಯದ ಮೆಟ್ಟಿಲುಗಳ ಬಳಿ ಅಲ್ಫೊನ್ಸೊನ ಮೇಲೆ ಹಂತಕರು ಬಿದ್ದರು. ಬದುಕಿದ. ಹೆಂಡತಿ ಆರೈಕೆ ಮಾಡಿ ಎಬ್ಬಿಸಿ ಕೂರಿಸಿದಳು. ಆದರೆ ಆಗಸ್ಟ್ 18ರಂದು ಚೆಸಾರೆಯ ನೆಚ್ಚಿನ ಬಂಟ ಮಿಕೆಲೊತ್ತೊ ಆಳುಗಳೊಡನೆ ಕೋಣೆಗೆ ನುಗ್ಗಿದ. ಹೆಂಗಸರಿಬ್ಬರೂ ಮೊರೆಯಿಡಲು ಪೋಪನ ಬಳಿಗೆ ಓಡಿದರು. ಹಿಂದಿರುಗುವಷ್ಟರಲ್ಲಿ ಕತ್ತು ಹಿಸುಕಿ ಎಲ್ಲ ಮುಗಿದಿತ್ತು. ಒಂದು ತಿಂಗಳು ಬೇಯಿಸಿ ಉಣಿಸಿ ಉಳಿಸಿದ ಜೀವ ಒಂದು ಗಳಿಗೆಯಲ್ಲಿ ಹೋಯಿತು! ಅಳುವ ಮಗಳನ್ನು ತಂದೆ ನೆಪಿ ಎಂಬ ಊರಿಗೆ ಸಾಗಹಾಕಿದ. ಅಲ್ಲಿಂದ ಬರೆದ ಓಲೆಗಳಿಗೆ ಆಕೆ ತನ್ನ ಹೆಸರನ್ನು ಹಾಕಲಿಲ್ಲ. ‘ಪರಮ ದುಃಖಿನಿ’ ಎಂದು ಸಹಿ ಮಾಡಿದಳು.

ಕಣ್ಣೀರು ಆರುವ ಮೊದಲೇ ಮೂರನೆಯ ವರನ ಶೋಧ ಮೊದಲಾಯಿತು. ಫೆರಾರಾ ಸಂಸ್ಥಾನದ ಯುವರಾಜ, ಇವನ ಹೆಸರೂ ಅಲ್ಫೊನ್ಸೊ. ವರನ ತಂದೆ ಎರ್ಕೊಲೆ ಪಕ್ಕಾ ವ್ಯವಹಾರಸ್ಥ. 1,00,000 ಡ್ಯುಕಟ್ ವರದಕ್ಷಿಣೆಯನ್ನೂ, ಚರ್ಚಿಗೆ ಸಲ್ಲಿಸುವ ಕಪ್ಪದಲ್ಲಿ ಭಾರಿ ಕಡಿತವನ್ನೂ ಎಣಿಸಿಕೊಂಡ ಮೇಲೆಯೇ ಒಪ್ಪಿದ. ಸೊಸೆಯಾಗುವವಳ ನಡತೆಯನ್ನು ಪರೀಕ್ಷಿಸಲು ದೂತರನ್ನೂ ಕಳುಹಿಸಿದ. ವಿವೇಕಿ, ವಿನಯವಂತೆ, ಅಳುಕಬೇಕಾದುದೇನೂ ಇಲ್ಲ ಎಂದು ಅವರು ಬರೆದರು. 1502ರ ಫೆಬ್ರವರಿ 2ರಂದು ಆಕೆ ಫೆರಾರಾ ನಗರವನ್ನು ಪ್ರವೇಶಿಸಿದಳು. ಎರಡು ವರ್ಷದ ಮಗನನ್ನು ಮಾತ್ರ ಹೊಸ ಮನೆಗೆ ಕರೆದೊಯ್ಯುವಂತಿರಲಿಲ್ಲ.

ತೆರೆ ತೋರಿಸದ ಹದಿನೇಳು ವರ್ಷ

ಧಾರಾವಾಹಿ ಇಲ್ಲಿಗೆ ಬರುವ ಮೊದಲೇ ನಿಂತುಹೋಯಿತು. ಜೋರ್ಡನ್ ಕಥೆಯನ್ನು ನಾಲ್ಕನೆಯ ಸರಣಿಗೆ ಒಯ್ಯಬೇಕೆಂದಿದ್ದರು; ವಾಹಿನಿ ಒಪ್ಪಲಿಲ್ಲ. ವಾರವಾರವೂ ಧಾರಾವಾಹಿಗಾಗಿ ಕಾಯುವ ನಮ್ಮ ವಾಚಕರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು: ‘ಮುಂದುವರಿಯುವುದು’ ಎಂದು ಅಚ್ಚು ಮಾಡಬೇಕಾದ ಕಡೆ ‘ಮುಗಿಯಿತು’ ಎಂದು ಅಚ್ಚಾಯಿತು. ಲುಕ್ರೆಜಿಯಾ ತನ್ನವಳಾಗಿ ಬದುಕಿದ್ದು ಅಲ್ಲಿಂದ ಮುಂದೆ.

1503ರಲ್ಲಿ ಪೋಪ್ ಜ್ವರದಿಂದ ತೀರಿಕೊಂಡ. ಬದ್ಧವೈರಿಯಾಗಿದ್ದ ಜೂಲಿಯಾನೊ ದೆಲ್ಲ ರೊವೆರೆ ಅದೇ ವರ್ಷ ಎರಡನೆಯ ಜೂಲಿಯಸ್ ಎಂಬ ಹೆಸರಿನಿಂದ ಪೋಪನಾದ. ಚೆಸಾರೆ ಸೆರೆ ಸೇರಿ, ತಪ್ಪಿಸಿಕೊಂಡು, 1507ರಲ್ಲಿ ಸ್ಪೇನಿನ ನೆಲದಲ್ಲಿ ಕಾದಾಡಿ ಮಡಿದ. ತವರು ಮಣ್ಣುಪಾಲಾದ ಈ ಸೊಸೆಯನ್ನು ಹೊರದೂಡುವುದು ಫೆರಾರಾದವರಿಗೆ ಕಷ್ಟವಿರಲಿಲ್ಲ. ಆದರೆ ಅವರು ಆಕೆಯನ್ನು ಬಿಡಲಿಲ್ಲ. 1505ರಲ್ಲಿ ಗಂಡ ಪಟ್ಟವೇರಿದ. ಅವನು ಯುದ್ಧಕ್ಕೆ ಹೋದಾಗಲೆಲ್ಲ ರಾಜ್ಯಭಾರದಲ್ಲಿ ಆಕೆ ಕೈಗೂಡಿದಳು. ಯುದ್ಧದ ಖರ್ಚಿಗೆ ಒಡವೆಗಳನ್ನು ಒತ್ತೆಯಿಟ್ಟಳು. ಪೋ ನದಿಯ ಬಯಲಿನ ಜೌಗುಭೂಮಿಯನ್ನು ಪಡೆದು, ಕಾಲುವೆ ತೋಡಿಸಿ ನೀರು ಬಸಿಸಿ, ಬೇಸಾಯಕ್ಕೂ ದನಕರುಗಳಿಗೂ ಅಣಿಗೊಳಿಸಿದಳು. ವಿಷದ ಕಥೆಗಳನ್ನು ಹೇಳಿದವರು ಈ ಲೆಕ್ಕದ ಪುಸ್ತಕಗಳನ್ನು ಬಿಚ್ಚಿ ನೋಡಲಿಲ್ಲ.

ಆಕೆ ದೇವತೆಯೇನೂ ಅಲ್ಲ. ತಂದೆಯ ವೈಭವವನ್ನು ಉಂಡವಳೇ. ಕವಿ ಪಿಯೆತ್ರೊ ಬೆಂಬೊನಿಗೆ ಬರೆದ ಪ್ರೇಮಪತ್ರಗಳೂ ಒಂದು ಕೂದಲೆಳೆಯ ಗೊಂಚಲೂ ಮಿಲಾನಿನ ಅಂಬ್ರೋಸಿಯಾನ ಗ್ರಂಥಾಲಯದಲ್ಲಿವೆ. ಆದರೆ ಆಕೆ ಯಾರಿಗಾದರೂ ವಿಷವಿಕ್ಕಿದಳೆಂಬುದಕ್ಕೆ ಆ ಕಾಲದ ಆಧಾರ ಒಂದೂ ಇಲ್ಲ.

1512ರಲ್ಲಿ, ದೂರದಲ್ಲಿ ಬೆಳೆಯುತ್ತಿದ್ದ ಮೊದಲ ಮಗ ಹನ್ನೆರಡನೆಯ ವಯಸ್ಸಿನಲ್ಲಿ ತೀರಿಕೊಂಡನೆಂಬ ಸುದ್ದಿ ಬಂತು. ಆಕೆ ಕೆಲಕಾಲ ಸನ್ಯಾಸಿನಿಯರ ಮಠವನ್ನು ಸೇರಿ ಬಾಗಿಲು ಹಾಕಿಕೊಂಡಳು. 1519ರ ಜೂನಿನಲ್ಲಿ ಹೆಣ್ಣುಮಗುವನ್ನು ಹೆತ್ತು, ಹತ್ತು ದಿನ ಜ್ವರದಲ್ಲಿ ನರಳಿ, 24ರಂದು ಕಣ್ಣು ಮುಚ್ಚಿದಳು. ವಯಸ್ಸು ಮೂವತ್ತೊಂಬತ್ತು. ಫೆರಾರಾದ ಕಾರ್ಪಸ್ ಡೊಮಿನಿ ಮಠದ ನೆಲದಲ್ಲಿ ಆಕೆಯ ಸಮಾಧಿಯಿದೆ.

ಅಪವಾದದ ಆಯುಷ್ಯ

1833ರಲ್ಲಿ ವಿಕ್ಟರ್ ಹ್ಯೂಗೊ ಬರೆದ ನಾಟಕದಲ್ಲಿ ಲುಕ್ರೆಜಿಯಾ ಔತಣಕ್ಕೆ ಬಂದವರಿಗೆಲ್ಲ ವಿಷವಿಕ್ಕುತ್ತಾಳೆ. ಅರಿಯದೆ ಹೆತ್ತ ಮಗನಿಗೂ ಇಕ್ಕುತ್ತಾಳೆ. ಅದು ನಡೆಯುವುದೆಲ್ಲಿ? ಆಕೆ ಮರ್ಯಾದೆಯಿಂದ ಬಾಳಿದ ಫೆರಾರಾದಲ್ಲಿಯೇ! ಅದೇ ವರ್ಷ ದೊನಿಜೆತ್ತಿ ಅದನ್ನು ಸಂಗೀತನಾಟಕ ಮಾಡಿದ. ಅಪವಾದಕ್ಕೆ ರಾಗವೂ ಕೂಡಿತು. 1874ರಲ್ಲಿ ಗ್ರೆಗೊರೋವಿಯಸ್ ಎಂಬ ಜರ್ಮನ್ ಇತಿಹಾಸಕಾರ ಹಳೆಯ ದಫ್ತರಗಳನ್ನು ಶೋಧಿಸಿ ಅವಳ ಪರವಾಗಿ ಗ್ರಂಥ ಬರೆದ. ಪಂಡಿತರು ಒಪ್ಪಿದರು. ಆದರೆ ನಾಟಕ ನೋಡುವವರು ದಫ್ತರ ಓದುತ್ತಾರೆಯೆ?

ಈ ಧಾರಾವಾಹಿಯನ್ನು ನೋಡಬಾರದೆಂದು ನಾವು ಹೇಳುವುದಿಲ್ಲ. ಹದಿಮೂರರ ಹುಡುಗಿಯನ್ನು ಸಂಧಿಪತ್ರದಂತೆ ಮಡಚಿ ಕೊಟ್ಟ ಕ್ರೌರ್ಯವನ್ನು ಅದು ಬಚ್ಚಿಟ್ಟಿಲ್ಲ. ಆದರೆ ಕೊನೆಯ ಕಂತಿನಲ್ಲಿ ಆ ಬಟ್ಟಲು ಅವಳ ಕೈಗೆ ಬಂದಾಗ, ವಾಚಕರು ಕ್ಷಣಹೊತ್ತು ಕಣ್ಣು ಮುಚ್ಚಿ, ಗಾಯಗೊಂಡ ಗಂಡನಿಗಾಗಿ ಒಲೆಯ ಮುಂದೆ ಕುಳಿತ ಇಪ್ಪತ್ತು ವರ್ಷದ ಆ ಹೆಣ್ಣನ್ನು ನೆನೆಯಲಿ. ಐನೂರು ವರ್ಷಗಳಿಂದ ಆಕೆಗೆ ಸಲ್ಲಬೇಕಾಗಿರುವ ಬಾಕಿ ಅಷ್ಟೆ.