ಹೆಸರು ಬೇಡ, ಜಾಗ ಹೇಳಿ

ಶನಿವಾರ ರಾತ್ರಿ ಪಬ್‌ನಲ್ಲಿ ಜಗಳ. ಒಬ್ಬನ ಮುಖಕ್ಕೆ ಬಿಯರ್ ಗ್ಲಾಸಿನ ಏಟು. ಆಸ್ಪತ್ರೆಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಮನೆ ಸೇರುತ್ತಾನೆ. ಠಾಣೆಯ ಕಡೆ ತಲೆಯನ್ನೂ ಹಾಕುವುದಿಲ್ಲ. ಹೊಡೆದವರು ಯಾರೋ ಗೊತ್ತಿಲ್ಲ. ಗೊತ್ತಿದ್ದರೆ, ದೂರು ಕೊಟ್ಟದ್ದಕ್ಕೆ ಮತ್ತೆ ಹೊಡೆದಾರೆಂಬ ಭಯ. ತನ್ನದೂ ಒಂದಿಷ್ಟು ತಪ್ಪಿದ್ದರೆ ಅದೆಲ್ಲಿ ಹೊರಬೀಳುತ್ತದೋ ಎಂಬ ಅಳುಕು. ಪೊಲೀಸರ ಲೆಕ್ಕದಲ್ಲಿ ಆ ರಾತ್ರಿ ಆ ಪಬ್‌ನಲ್ಲಿ ಏನೂ ನಡೆದೇ ಇಲ್ಲ.

ವೇಲ್ಸ್ ರಾಜಧಾನಿ ಕಾರ್ಡಿಫ್‌ನಲ್ಲಿ ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸಕರಾಗಿದ್ದ ಜೊನಾಥನ್ ಶೆಫರ್ಡ್ ಇಂಥ ಮುಖಗಳನ್ನು ಹೊಲಿದವರು. ಆಸ್ಪತ್ರೆಗೆ ಬರುವ ಹಲ್ಲೆಗಳಲ್ಲಿ ದೊಡ್ಡ ಪಾಲು ಪೊಲೀಸರಿಗೆ ಗೊತ್ತೇ ಆಗುವುದಿಲ್ಲ ಎಂಬುದನ್ನು ಅವರು ಲೆಕ್ಕ ಹಾಕಿ ತೋರಿಸಿದರು. ಹಾಗೆಂದು ಗಾಯಾಳುಗಳ ಹೆಸರಿನ ಪಟ್ಟಿಯನ್ನು ಠಾಣೆಗೆ ಕಳಿಸುವಂತಿಲ್ಲ. ಕಳಿಸಿದರೆ ರೋಗಿಯ ನಂಬಿಕೆ ಕೆಡುತ್ತದೆ. ಮುಂದಿನ ಸಲ ಅವನು ಮೆಟ್ಟಿಲ ಮೇಲಿಂದ ಬಿದ್ದೆ ಎನ್ನುತ್ತಾನೆ, ಇಲ್ಲವೇ ಆಸ್ಪತ್ರೆಗೇ ಬರುವುದಿಲ್ಲ.

ಈ ಇಕ್ಕಟ್ಟಿಗೆ ಸಿಕ್ಕ ಉತ್ತರ ಸರಳ. ಹೊಡೆದವನನ್ನು ಹಿಡಿಯಲು ಹೆಸರು ಬೇಕು. ಮುಂದಿನ ಹೊಡೆದಾಟ ತಪ್ಪಿಸಲು ಜಾಗ, ಹೊತ್ತು ಮತ್ತು ಆಯುಧ ಗೊತ್ತಾದರೆ ಸಾಕು. 1997ರಲ್ಲಿ ಕಾರ್ಡಿಫ್‌ನ ಆಸ್ಪತ್ರೆ, ಪೊಲೀಸ್ ಮತ್ತು ನಗರಾಡಳಿತದವರು ಒಂದೇ ಮೇಜಿನ ಸುತ್ತ ಕುಳಿತರು. ಅಲ್ಲಿ ಬೆಳೆದ ಪದ್ಧತಿಗೆ ಇಂದು ‘ಕಾರ್ಡಿಫ್ ಮಾದರಿ’ ಎಂದು ಹೆಸರು.

ನಡೆಯುವುದು ಹೀಗೆ

ಮೊದಲ ಹೆಜ್ಜೆ ತುರ್ತು ಚಿಕಿತ್ಸಾ ವಿಭಾಗದ ಕೌಂಟರಿನಲ್ಲಿ. ಗಾಯಾಳುವನ್ನು ನೋಂದಾಯಿಸಿಕೊಳ್ಳುವ ಸಿಬ್ಬಂದಿ ಕೆಲವೇ ಪ್ರಶ್ನೆ ಹೆಚ್ಚಿಗೆ ಕೇಳುತ್ತಾರೆ: ಹಲ್ಲೆ ಯಾವಾಗ ಆಯಿತು? ಸರಿಯಾಗಿ ಎಲ್ಲಿ? ಕೈಯಿಂದ ಹೊಡೆದರೋ, ಚಾಕು, ಬಾಟಲಿ ಇತ್ತೋ? ಎಷ್ಟು ಮಂದಿ ಇದ್ದರು? ಇಡೀ ಏರ್ಪಾಟಿನ ಬಲ ಇರುವುದು ಇಲ್ಲೇ. ‘ಊರೊಳಗೆ’ ಎಂದು ಬರೆದುಕೊಂಡರೆ ಯಾರಿಗೂ ಉಪಯೋಗವಿಲ್ಲ. ಯಾವ ಬೀದಿ, ಯಾವ ಪಬ್, ಅದರ ಒಳಗೋ ಹೊರಗೋ ಎಂಬಷ್ಟು ನಿಖರವಾಗಿರಬೇಕು.

ಎರಡನೆಯದು ಸೋಸುವಿಕೆ. ಮಾಹಿತಿ ಆಸ್ಪತ್ರೆಯ ಹೊಸಿಲು ದಾಟುವ ಮೊದಲೇ ಹೆಸರು, ವಿಳಾಸ, ಹುಟ್ಟಿದ ದಿನಾಂಕ ಕಳಚಿಹೋಗುತ್ತವೆ. ಗುರುತನ್ನು ಅಳಿಸುವವರು ಕೊಡುವವರೇ. ‘ಎಲ್ಲವನ್ನೂ ಕೊಡಿ, ಬೇಡದ್ದನ್ನು ನಾವು ಅಳಿಸಿಕೊಳ್ಳುತ್ತೇವೆ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಮೂರನೆಯದು ಜೋಡಣೆ. ವಿಶ್ಲೇಷಕರು ಈ ಪಟ್ಟಿಯನ್ನು ಪೊಲೀಸರ ಪಟ್ಟಿಯ ಜೊತೆ ಸೇರಿಸಿ ನಕ್ಷೆಯ ಮೇಲಿಡುತ್ತಾರೆ. ಯಾವ ಬೀದಿಯಲ್ಲಿ, ವಾರದ ಯಾವ ದಿನ, ಯಾವ ಹೊತ್ತಿನಲ್ಲಿ ಜಗಳ ಮತ್ತೆ ಮತ್ತೆ ಆಗುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಕೊನೆಯದು ಕೆಲಸ. ಆಸ್ಪತ್ರೆ, ಪೊಲೀಸ್ ಮತ್ತು ನಗರಾಡಳಿತದವರ ಗುಂಪು ನಿಯಮಿತವಾಗಿ ಸೇರಿ ಗಸ್ತಿನ ದಾರಿ ಮತ್ತು ಹೊತ್ತು ಬದಲಿಸುವುದು, ಪದೇ ಪದೇ ಕಾಣಿಸಿಕೊಳ್ಳುವ ಪಬ್‌ನ ಪರವಾನಗಿಯನ್ನು ಪ್ರಶ್ನಿಸುವುದು, ಒಡೆದರೆ ಚೂಪಾಗುವ ಗ್ಲಾಸಿನ ಬದಲು ಗಟ್ಟಿ ಗ್ಲಾಸು ಅಥವಾ ಪ್ಲಾಸ್ಟಿಕ್ ಲೋಟ ತರಿಸುವುದು ಮುಂತಾದವನ್ನು ತೀರ್ಮಾನಿಸುತ್ತದೆ. ಇವುಗಳಲ್ಲಿ ಒಂದಕ್ಕೂ ಗಾಯಾಳು ಯಾರೆಂದು ತಿಳಿಯಬೇಕಿಲ್ಲ.

ಫಲ ಸಿಕ್ಕಿತೇ?

2011ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದ ಅಧ್ಯಯನವೊಂದು ಕಾರ್ಡಿಫನ್ನು ಅದನ್ನೇ ಹೋಲುವ 14 ನಗರಗಳ ಜೊತೆ ಇಟ್ಟು ನೋಡಿತು. ಹಿಂಸೆಯಿಂದ ಆಸ್ಪತ್ರೆಗೆ ದಾಖಲಾಗುವವರು ಕಾರ್ಡಿಫ್‌ನಲ್ಲಿ ತಿಂಗಳಿಗೆ ಲಕ್ಷಕ್ಕೆ 7ರಿಂದ 5ಕ್ಕೆ ಇಳಿದಿದ್ದರು. ಉಳಿದ ನಗರಗಳಲ್ಲಿ ಅದೇ ಲೆಕ್ಕ 5ರಿಂದ 8ಕ್ಕೆ ಏರಿತ್ತು. ಇನ್ನೊಂದು ಅಂಕಿ ಮೊದಲ ನೋಟಕ್ಕೆ ಗಲಿಬಿಲಿ ಹುಟ್ಟಿಸುತ್ತದೆ: ಕಾರ್ಡಿಫ್ ಪೊಲೀಸರ ದಾಖಲೆಯಲ್ಲಿ ಸಣ್ಣಪುಟ್ಟ ಹಲ್ಲೆಗಳು ಹೆಚ್ಚಾಗಿದ್ದವು. ಪೊಲೀಸರು ಜಗಳದ ಜಾಗದಲ್ಲೇ ನಿಂತಿದ್ದರೆ ತಳ್ಳಾಟವೂ ಅವರ ಕಣ್ಣಿಗೆ ಬೀಳುತ್ತದೆ, ಆದರೆ ಬಾಟಲಿ ಒಡೆಯುವಷ್ಟು ಮುಂದುವರಿಯುವುದಿಲ್ಲ ಎಂಬುದು ಅದಕ್ಕೊಂದು ವಿವರಣೆ. ಈ ಅಧ್ಯಯನಕ್ಕೂ ಮೊದಲೇ, 2008ರಲ್ಲಿ, ಶೆಫರ್ಡ್ ಅವರಿಗೆ ಅಪರಾಧಶಾಸ್ತ್ರದ ಸ್ಟಾಕ್‌ಹೋಮ್ ಪ್ರಶಸ್ತಿ ಬಂತು.

ಎಚ್ಚರ ಬೇಕಾದ ಕಡೆ

ಹೆಸರು ತೆಗೆದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ಸಣ್ಣ ಊರಿನ ಒಂದು ಬೀದಿಯಲ್ಲಿ ತಿಂಗಳಿಗೊಂದೇ ಗಲಾಟೆ ಆಗಿದ್ದರೆ ದಿನ ಮತ್ತು ಜಾಗವೇ ಆಳನ್ನು ತೋರಿಸಿಕೊಡುತ್ತವೆ. ಅಂಥಲ್ಲಿ ಹಲವು ತಿಂಗಳ ಲೆಕ್ಕವನ್ನು ಒಟ್ಟುಮಾಡಿ ಕೊಡಬೇಕು. ಮನೆಯೊಳಗಿನ ಹಿಂಸೆಯಲ್ಲಿ ಜಾಗವೆಂದರೆ ವಿಳಾಸವೇ ಆದ್ದರಿಂದ ಆ ಜಾಗವನ್ನು ಈ ಪಟ್ಟಿಗೆ ಸೇರಿಸುವಂತಿಲ್ಲ. ಅಂಥ ಹಿಂಸೆಗೆ ಬೇರೆಯದೇ ನೆರವಿನ ದಾರಿ ಬೇಕು. ಗುಂಡೇಟು, ಚಾಕು ಇರಿತದಂಥ ಪ್ರಕರಣಗಳು ಈ ಪಟ್ಟಿಗೆ ಕಾಯುವುದಿಲ್ಲ. ಬ್ರಿಟನ್ನಿನ ವೈದ್ಯರು ಅವನ್ನು ಆಗಲೇ ಪೊಲೀಸರಿಗೆ ತಿಳಿಸುತ್ತಾರೆ. ಅಲ್ಲೂ ಮೊದಲ ಕರೆಯಲ್ಲಿ ಸಾಮಾನ್ಯವಾಗಿ ರೋಗಿಯ ಹೆಸರು ಹೇಳಬೇಡಿ ಎಂಬುದು ವೈದ್ಯಕೀಯ ಮಂಡಳಿಯ ಸೂಚನೆ.

ನಮ್ಮಲ್ಲಿ ಹೊಡೆತ ತಿಂದವರು ಆಸ್ಪತ್ರೆಗೆ ಬಂದರೆ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಆಗುತ್ತದೆ, ಠಾಣೆಗೆ ತಿಳಿವಳಿಕೆ ಹೋಗುತ್ತದೆ. ಅದು ಹೆಸರು ಹೊತ್ತೇ ಹೋಗಬೇಕು, ಏಕೆಂದರೆ ಅದು ಪ್ರಕರಣದ ದಾರಿ. ಕಾರ್ಡಿಫ್‌ನ ಪಟ್ಟಿ ಅದಕ್ಕೆ ಬದಲಿಯಲ್ಲ, ಪಕ್ಕದ ಇನ್ನೊಂದು ದಾರಿ. ಈ ದಾರಿಯಲ್ಲಿ ಹೆಸರು ಬೇಡ ಎನ್ನಲು ನಮ್ಮ ಕಾನೂನಿನಲ್ಲೂ ಕಾರಣವಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದಕ್ಕೆ ಕಡಿವಾಣ ಹಾಕುವುದಾದರೆ ಕಾನೂನಿನ ಆಧಾರ ಬೇಕು, ತಕ್ಕ ಉದ್ದೇಶ ಬೇಕು, ಉದ್ದೇಶಕ್ಕೆ ಬೇಕಾದಷ್ಟನ್ನು ಮೀರಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಪರಾಧ ತಡೆಗೆಂದು ವಿನಾಯಿತಿಗಳನ್ನು ಕೊಟ್ಟಿದೆ, ನಿಜ. ಆದರೆ ಗಸ್ತಿನ ಪೇದೆ ಶನಿವಾರ ರಾತ್ರಿ ಎಲ್ಲಿ ನಿಲ್ಲಬೇಕೆಂದು ತಿಳಿಯಲು ಆ ವಿನಾಯಿತಿ ಬೇಕಾಗಿಲ್ಲ. ಬೀದಿಯ ಹೆಸರು ಸಾಕು.